ಕಮಿಟ್ ಮಾಡದೆ ಬಿಟ್ಟ ಏಳು ನಿಮಿಷ

ಶಹಾಪುರದ ಕಂಪ್ಯೂಟರ್ ಕ್ಲಾಸಿನಲ್ಲಿ ನಮಗೆ ಡೇಟಾಬೇಸ್ ಕಲಿಸಿದ ಮಾಸ್ತರರು ತಪ್ಪು ಉತ್ತರಕ್ಕೆ ಬೆರಳ ಗಂಟಿನ ಮೇಲೆ ಸ್ಟೀಲ್ ಪಟ್ಟಿಯಿಂದ ಬಾರಿಸುತ್ತಿದ್ದರು. ಮೀಸೆ ಬಂದ ಗಂಡಸರು ನಾವು, ಕೈ ಚಾಚಿ ನಿಲ್ಲುತ್ತಿದ್ದೆವು. "ಇಂಟರ್‌ವ್ಯೂದಾಗ ಮರ್ಯಾದಿ ಹೋಗೂದಕಿಂತ ಇಲ್ಲಿ ಚರ್ಮ ಹೋಗಲಿ" ಎನ್ನುವುದು ಅವರ ವಾದ. ಮನಸ್ಸಿನಲ್ಲೇ ಅವರನ್ನು ನೂರು ಸಲ ಕೊಂದಿದ್ದೇನೆ. ಅಷ್ಟು ಹೊಡೆಸಿಕೊಂಡರೂ ಐದು ಕಡೆ ಸಂದರ್ಶನಕ್ಕೆ ಹೋಗಿ ಐದು ಕಡೆಯೂ ನಪಾಸಾದೆ.

ಆರನೆಯದು ಯಾದಗಿರಿಯ ಒಂದು ಖಾಸಗಿ ಆಸ್ಪತ್ರೆಯಲ್ಲಿ. ರೋಗಿಗಳ ದಾಖಲೆ ನೋಡಿಕೊಳ್ಳುವ ಕಿರಿಯ ಹುದ್ದೆ. ಇದೂ ಕೈತಪ್ಪಿದರೆ ಸುರಪುರದಲ್ಲಿ ಚಿಕ್ಕಪ್ಪನ ಹಿಟ್ಟಿನ ಗಿರಣಿಯೇ ಗತಿ. ಚಿಕ್ಕಪ್ಪನ ಕೈ ಮಾಸ್ತರರ ಕೈಗಿಂತ ಭಾರ. ಅಲ್ಲಿಗೆ ಹೋಗುವುದಿಲ್ಲವೆಂದು ಹಲ್ಲು ಕಚ್ಚಿ ಬಂದಿದ್ದೆ.

ಪ್ರಶ್ನೆ ಕೇಳಲು ಹೈದರಾಬಾದಿನಿಂದ ಒಬ್ಬ ಪರಿಣತ ಬಂದಿದ್ದ. ನಮ್ಮ ಕಡೆಯವನೇ, ಆದರೆ ಕಣ್ಣಲ್ಲಿ ಕರುಣೆ ಎಂಬುದಿಲ್ಲ. ನನ್ನ ಬಯೋಡೇಟಾವನ್ನು ಮೇಜಿನ ಮೇಲೆ ಎಸೆದ. "ಬ್ಯಾಕಪ್ ತಗೊಂಡಿ. ಅದು ತಿರುಗಿ ತೆರೀತದ ಅಂತ ಹ್ಯಾಂಗ ಗೊತ್ತು?" ತೆರೆದು ನೋಡಿದರೆ ಮಾತ್ರ ಗೊತ್ತು ಎಂದೆ. "ರಟ್ಟಾ ಹೊಡದ ಬಂದಿ" ಎಂದು ನನ್ನ ಉತ್ತರವನ್ನು ಬಾಯಿಪಾಠವೆಂದು ತಳ್ಳಿಹಾಕಿದ. ಅರ್ಧ ಗಂಟೆ ಹೀಗೇ ಜಾಡಿಸಿ, ಕಂಪ್ಯೂಟರಿನ ಮುಂದೆ ಕೂರಿಸಿದ. ಪರೀಕ್ಷೆಗೆಂದು ಬೇರೆ ವ್ಯವಸ್ಥೆ ಆ ಆಸ್ಪತ್ರೆಯಲ್ಲಿರಲಿಲ್ಲ. ಆಗ ಬಳಕೆಯಲ್ಲಿದ್ದ ದಾಖಲೆಯಲ್ಲೇ ಒಬ್ಬ ರೋಗಿಯ ತಪ್ಪು ವಯಸ್ಸನ್ನು ತಿದ್ದಬೇಕಿತ್ತು.

ಮಾಸ್ತರರು ಹೊಡೆದು ಕಲಿಸಿದಂತೆ ಮಾಡಿದೆ. ಮೊದಲು ಟ್ರಾನ್ಸಾಕ್ಷನ್ ಶುರು ಮಾಡಬೇಕು, ತಿದ್ದಬೇಕು, ಸರಿಯಾಯಿತೇ ನೋಡಬೇಕು, ಕೊನೆಗೆ ಕಮಿಟ್ ಎಂಬ ಆಜ್ಞೆ ಕೊಟ್ಟು ಖಾಯಂ ಮಾಡಬೇಕು. ಕಮಿಟ್ ಕೊಡುವವರೆಗೂ ರೋಗಿಗಳ ಪಟ್ಟಿಗೆ ಬೀಗ ಬಿದ್ದಂತೆ, ಉಳಿದವರೆಲ್ಲ ಕಾಯಬೇಕು. ತಿದ್ದಿದೆ. ಅಷ್ಟರಲ್ಲಿ ಆತ ಮತ್ತೊಂದು ಪ್ರಶ್ನೆ ಎಸೆದ, ಅದರ ಬೆನ್ನಿಗೆ ಇನ್ನೊಂದು. ನಾನು ಬೆವರೊರೆಸಿಕೊಂಡು ಉತ್ತರಿಸುತ್ತಾ ಕಮಿಟ್ ಮರೆತೆ.

ಹೊರಗೆ ಚೀಟಿ ಕೊಡುವ ಕೌಂಟರ್ ನಿಂತುಹೋಯಿತು. ಆಮೇಲೆ ತಿಳಿದಂತೆ, ಕೊಂಕಲ್ ಹಳ್ಳಿಯವನೊಬ್ಬ ಹಾವು ಕಚ್ಚಿದ ಹೆಂಡತಿಯನ್ನು ಹೆಗಲ ಮೇಲೆ ಹೊತ್ತು ತಂದಿದ್ದ. ಚೀಟಿಯಿಲ್ಲದೆ ಒಳಗೆ ಬಿಡುವಂತಿಲ್ಲ ಎಂಬುದು ಆ ಆಸ್ಪತ್ರೆಯ ದರಿದ್ರ ನಿಯಮ. ಕೌಂಟರಿನಲ್ಲಿದ್ದ ಮುದನಾಳದ ಗುಮಾಸ್ತ, "ಕಂಪ್ಯೂಟರ್ ನಿಂತಾದ್ರಿ, ಐದು ಮಿನಿಟ್" ಎನ್ನುತ್ತಿದ್ದ.

"ಆಕಿ ಸಾಯಾಕತ್ಯಾಳ, ನೀ ಐದು ಮಿನಿಟ್ ಅಂತಿ."

ಆಮೇಲೆ ಮಾತಿಲ್ಲ, ಸದ್ದು ಮಾತ್ರ. ಕೊಂಕಲ್‌ನವನು ಹೆಂಡತಿಯನ್ನು ಬೆಂಚಿನ ಮೇಲೆ ಮಲಗಿಸಿ, ಕಿಟಕಿಯೊಳಗೆ ಕೈ ಹಾಕಿ ಗುಮಾಸ್ತನ ಕಾಲರ್ ಎಳೆದು ಅವನ ಮುಖವನ್ನು ಕಲ್ಲಿನ ಕಟ್ಟೆಗೆ ಕುಟ್ಟಿದ. ಒಂದು ಸಲ, ಎರಡು ಸಲ. ಗಾಜು ಒಡೆಯಿತು. ಹೈದರಾಬಾದಿನವನು ಬಾಗಿಲು ತೆರೆದು ನೋಡಿ, ನನ್ನ ಕಡೆ ತಿರುಗಿದ. "ಛಲೋ ಆತು. ಇದಽ ನಿನಗ ಪ್ರಶ್ನೆ. ಕಂಪ್ಯೂಟರ್ ಯಾರು ತಡದಾರ, ಹುಡುಕು" ಎಂದು ಹೊಡೆದಾಟ ನೋಡಲು ಹೋದ.

ಹುಡುಕಿದೆ. ಹನ್ನೊಂದು ಕೆಲಸಗಳು ಕಾಯುತ್ತಿದ್ದವು. ಅವನ್ನೆಲ್ಲ ತಡೆದು ನಿಲ್ಲಿಸಿದ್ದು ನನ್ನೆದುರಿನ ಕಂಪ್ಯೂಟರೇ. ನಾನು ಕಮಿಟ್ ಕೊಟ್ಟೇ ಇರಲಿಲ್ಲ. ಮೂರನೆಯ ಸಲ ಕುಟ್ಟಿದ ಸದ್ದು ಕೇಳಿಸಿತು. ತಿದ್ದಿದ್ದನ್ನು ರದ್ದು ಮಾಡಿದೆ; ಹೊರಗೆ ಪ್ರಿಂಟರ್ ಓಡತೊಡಗಿತು. ಒಟ್ಟು ಏಳು ನಿಮಿಷವಾಗಿತ್ತು.

"ಏನಿತ್ತು?" ಎಂದ ಪರಿಣತ.

"ಹಳೇದೊಂದು ಕನೆಕ್ಷನ್ ಸಿಕ್ಕೊಂಡಿತ್ರಿ. ತಗದೆ."

ಅವನು ಮೊದಲ ಸಲ ನಕ್ಕ. ನೌಕರಿ ಸಿಕ್ಕಿತು. ಹಾವು ಕಚ್ಚಿದವಳೂ ಬದುಕಿಕೊಂಡಳು. ಗುಮಾಸ್ತನ ಮುಂದಿನ ಎರಡು ಹಲ್ಲು ಹೋದವು, ತುಟಿಗೆ ಹೊಲಿಗೆ ಬಿತ್ತು. ಕಂಪ್ಯೂಟರ್ ಓಡಿಸಿ ಹೊಡೆತ ನಿಲ್ಲಿಸಿದ್ದು ನಾನೆಂದು ಅವನು ನನ್ನನ್ನು ದೇವರೆಂದು ತಿಳಿದ. ಊಟದ ಡಬ್ಬಿಯಲ್ಲಿ ನನಗೂ ಎರಡು ರೊಟ್ಟಿ ತರುತ್ತಿದ್ದ, ನಾಚಿಕೆಗೆಟ್ಟವನು ನಾನು ತಿನ್ನುತ್ತಿದ್ದೆ.

ಮೂರು ತಿಂಗಳ ಮೇಲೆ ಒಂದು ಶನಿವಾರ ಅವನು ದೇವಾಪುರದ ಅತ್ತೆಮನೆಗೆ ಹೊರಟಿದ್ದ. ಸುರಪುರದವರೆಗೆ ನನ್ನನ್ನೂ ಬೈಕಿನಲ್ಲಿ ಕೂರಿಸಿಕೊಂಡ. ಶಹಾಪುರದಲ್ಲಿ ಚಹಾಕ್ಕೆ ನಿಂತಾಗ ಗುಟ್ಟು ಹೇಳುವವನಂತೆ ಹತ್ತಿರ ಬಂದ.

"ಆ ಕೊಂಕಲ್ಲಿನವನಿಗಿ ಬಿಟ್ಟಿಲ್ಲ ಸರ. ಹ್ವಾದ ವಾರ ನಾ, ನಮ್ಮಣ್ಣ ಹೋಗಿ ಅವನ ಹೊಲದಾಗ ಹಿಡದ್ವಿ. ಅಣ್ಣ ಎದಿ ಮ್ಯಾಲ ಕುಂತ, ನಾ ಅವನ ಬಲಗೈ ಬದುವಿನ ಕಲ್ಲಿನ ಮ್ಯಾಲ ಇಟ್ಟು ತುಳದೆ. ಲಟ್ ಅಂತು. ನನ್ನ ತಪ್ಪಿಲ್ಲದ ಹೊಡದಿದ್ದ ನೋಡ್ರಿ."

ಹಲ್ಲಿಲ್ಲದ ಬಾಯಲ್ಲಿ ಹೆಮ್ಮೆಯಿಂದ ನಗುತ್ತಿದ್ದ. ನಾನು ಚಹಾದ ಲೋಟ ಕೆಳಗಿಟ್ಟೆ. ತಡೆಯಲಾರದೆ ಎಲ್ಲ ಹೇಳಿಬಿಟ್ಟೆ. ಬೀಗ ಹಾಕಿದ್ದು ನಾನು, ಸುಳ್ಳು ಹೇಳಿದ್ದೂ ನಾನು, ನೌಕರಿ ಬೇಕಾಗಿತ್ತು ಎಂದೆ.

ಅವನ ಮುಷ್ಟಿ ಬಿಗಿಯಿತು. ಕಣ್ಣು ಮುಚ್ಚಿಕೊಂಡೆ. ಹೊಡೆತ ಬೀಳಲಿಲ್ಲ. ಬಿದ್ದಿದ್ದರೆ ಅಲ್ಲಿಗೆ ತೀರುತ್ತಿತ್ತು ಎಂದು ಈಗಲೂ ಅನ್ನಿಸುತ್ತದೆ.

"ಸ್ವಾಮಾರ ಕೊಂಕಲ್ಲಿಗಿ ಹೋಗೂಣು. ಅವನ ಮುಂದ ನೀವ ಹೇಳ್ರಿ" ಎಂದ.

"ಅವ ಹೊಡದ್ರ?"

"ಹೊಡಸ್ಕೋರಿ."

ಸೋಮವಾರ ನಾನು ಜ್ವರವೆಂದು ರಜೆ ಹಾಕಿದೆ. ಜ್ವರ ಇರಲಿಲ್ಲ. ಮಂಗಳವಾರ ಆಸ್ಪತ್ರೆಗೆ ಹೋದಾಗ ಅವನು ಕೌಂಟರಿನಲ್ಲಿದ್ದ. ಎಡಗಣ್ಣು ಬಾತು ಮುಚ್ಚಿತ್ತು, ಕಿವಿಯ ಹಿಂದೆ ರಕ್ತ ಹೆಪ್ಪುಗಟ್ಟಿತ್ತು. ಒಬ್ಬನೇ ಕೊಂಕಲ್ಲಿಗೆ ಹೋಗಿದ್ದ; ಕೈ ಮುರಿದುಕೊಂಡವನ ತಮ್ಮಂದಿರು ಮೂವರಿದ್ದರಂತೆ.

"ಏನಂತ ಹೇಳಿದಿ?" ಎಂದು ಕೇಳಿದೆ.

"ಕೌಂಟರ್ ನಿಂತದ್ದು ನಮ್ಮವರ ತಪ್ಪಿನಿಂದ, ನಿನ್ನ ಕೈ ಮುರದದ್ದು ನನ್ನ ತಪ್ಪು ಅಂದೆ" ಎಂದ. "ಯಾರ ತಪ್ಪು ಅಂತ ಭಾಳ ಕೇಳಿದ್ರು. ನಿಮ್ಮ ಹೆಸರು ಹೇಳಿಲ್ಲ."

ಆಮೇಲೆ ಕಿಟಕಿಯ ಕಡೆ ತಿರುಗಿ ಸಾಲಿನಲ್ಲಿದ್ದ ಮುದುಕಿಯ ವಯಸ್ಸು ಕೇಳತೊಡಗಿದ.