ಮೂಳೆಪಟ್ಟಿಯ ಕೆಳಗಿನ ಬಸ್ ಟಿಕೆಟ್

ನರ್ಸ್ ಗಿಟಾರನ್ನು ತೊಡೆಯ ಮೇಲಿಟ್ಟುಕೊಂಡು ನಾಲ್ಕನೆಯ ತಂತಿಯನ್ನು ಒತ್ತಿ ಮೀಟಿದಳು. ಸ್ವರದ ಬೆನ್ನಿಗೇ, ಬೆಂಕಿಪೊಟ್ಟಣದಲ್ಲಿ ಸಿಕ್ಕಿಬಿದ್ದ ನೊಣದ ಹಾಗೆ, ‘ಝರ್’ ಎಂಬ ಸದ್ದು ಬಂತು.

“ನೋಡಿ ಅಕ್ಕ, ಮೇಲ್ಗಡೆ ಎಲ್ಲಿ ಒತ್ತಿದ್ರೂ ಹೀಗೇ. ಹದಿನೈದು ದಿನ ಆಯ್ತು.”

ಅಂಗಡಿಯವರ ಸೊಸೆ ತಲೆಯಾಡಿಸಿದಳು. ಮೆಟ್ಟಿಲ ಕೆಳಗಿನ ಆ ಅಂಗಡಿಯಲ್ಲಿ ಮೂವರು ಕೂತರೆ ನಾಲ್ಕನೆಯವರು ರಸ್ತೆಯಲ್ಲೇ ನಿಲ್ಲಬೇಕು. ಮೂಲೆಯ ಸ್ಟೂಲು ಅವಳ ಮಾವನದು. ನಲವತ್ತು ವರ್ಷ ಗಿಟಾರ್ ರಿಪೇರಿ ಮಾಡಿದ ಅವರ ಕೈ ಈಗ ಚಹಾ ಲೋಟ ಹಿಡಿದರೂ ನಡುಗುತ್ತದೆ. ತಿಂಗಳ ಕೊನೆಗೆ ಅಂಗಡಿ ಬಿಟ್ಟುಕೊಡುತ್ತೇನೆಂದು ಪಕ್ಕದ ಪಾತ್ರೆ ವ್ಯಾಪಾರಿಗೆ ಮಾತು ಕೊಟ್ಟಾಗಿತ್ತು. ಅವನು ಆಗಲೇ ಟೇಪು ಹಿಡಿದು ಗೋಡೆ ಅಳೆದುಕೊಂಡು ಹೋಗಿದ್ದ.

ಎಂಟು ವರ್ಷದಿಂದ ಸೊಸೆ ಅಲ್ಲಿ ತಂತಿ ಬದಲಿಸಿದ್ದಾಳೆ, ಮೂಳೆಪುಡಿ ಗುಡಿಸಿದ್ದಾಳೆ, ಮಾವನ ಕೈ ನೋಡಿ ನೋಡಿ ಕೆಲಸ ಕಲಿತಿದ್ದಾಳೆ. ಅಂಗಡಿ ತನಗೇ ಬಿಡಿ ಎಂದು ಕೇಳಿದಾಗ ಮಾವ ಹೂಂ ಅನ್ನಲಿಲ್ಲ, ಉಹೂಂ ಅನ್ನಲಿಲ್ಲ. “ಒಂದು ಗಿಟಾರು, ಶುರುವಿಂದ ಕೊನೇವರೆಗೂ ನೀನೇ ಮಾಡು. ನಾನು ಬಾಯಿ ಹಾಕಲ್ಲ. ಗಿರಾಕಿ ಒಪ್ಪಿದ್ರೆ ಮುಂದಿನ ಮಾತು” ಎಂದಿದ್ದರು.

ಆ ಗಿಟಾರ್ ಇದು. ಬಾಯಿ ಹಾಕುವುದಿಲ್ಲ ಎಂದವರು ಎರಡು ನಿಮಿಷ ತಡೆದುಕೊಂಡರು.

“ಕೆಳಗಿನ ಮೂಳೆಪಟ್ಟಿ ಸವೆದಿದೆ. ಎತ್ತರದ್ದು ಮಾಡಿ ಹಾಕು.”

ತಂತಿಗಳು ಹಾದುಹೋಗುವ, ಮೂಳೆಯಿಂದ ಉಜ್ಜಿ ಮಾಡಿದ ಆ ಪಟ್ಟಿಯನ್ನು ಎತ್ತರಿಸಿದರೆ ತಂತಿಯೂ ಏಳುತ್ತದೆ, ಸದ್ದು ನಿಲ್ಲುತ್ತದೆ. ಆದರೆ ಒತ್ತುವುದು ಕಷ್ಟ. ಸೊಸೆ ನರ್ಸಿನ ಎಡಗೈ ನೋಡಿದಳು. ಬೆರಳ ತುದಿಗಳು ಬಿರಿದಿದ್ದವು.

“ದಿನಕ್ಕೆ ಐವತ್ತು ಸಲ ಕೈ ತೊಳೀಬೇಕಲ್ಲಕ್ಕ. ದಪ್ಪ ತಂತಿ ಒತ್ತೋಕಾಗದೆ ತೆಳುವಾದ್ದು ಹಾಕ್ಕೊಂಡೆ.”

“ಎಷ್ಟು ದಿನ ಆಯ್ತು?”

“ಅದೂ ಒಂದು ಹದಿನೈದು ದಿನ.”

ಸೊಸೆ ತಂತಿಯನ್ನು ಗಿಟಾರಿನ ಕತ್ತಿನ ಎರಡೂ ತುದಿಗಳಲ್ಲಿ ಒತ್ತಿಹಿಡಿದು ನಡುವೆ ಕಣ್ಣು ಹಾಯಿಸಿದಳು. ತಂತಿಗೂ ಕತ್ತಿಗೂ ನಡುವೆ ಕೂದಲೆಳೆಯಷ್ಟು ಸಂದು ಇರಬೇಕಿತ್ತು, ಇರಲಿಲ್ಲ. ಆ ಕತ್ತಿನೊಳಗೆ ಒಂದು ಕಬ್ಬಿಣದ ಸರಳು ಇರುತ್ತದೆ. ತಂತಿಗಳು ಕತ್ತನ್ನು ಮುಂದಕ್ಕೆ ಎಳೆದರೆ ಸರಳು ಹಿಂದಕ್ಕೆ ಎಳೆಯುತ್ತದೆ. ತಂತಿ ತೆಳುವಾದ ಮೇಲೆ ಹಗ್ಗಜಗ್ಗಾಟದಲ್ಲಿ ಸರಳು ಗೆದ್ದು, ಕತ್ತು ಹಿಂದಕ್ಕೆ ಬಾಗಿತ್ತು.

“ಮಾವ, ಮೂಳೆ ಅಲ್ಲ. ಸರಳು ಸಡಿಲ ಮಾಡಬೇಕು.”

“ಸರಳಿಗೆ ಕೈ ಹಾಕಬೇಡ. ಮೂಳೆ ತೆಗಿ.”

ಈ ಅಂಗಡಿಯಲ್ಲಿ ಸರಳು ಮುಟ್ಟುವಂತಿಲ್ಲ. ಹಿಂದೊಮ್ಮೆ ಮಾವ ಬಿಗಿ ಮಾಡುತ್ತಿದ್ದಾಗ ಒಂದು ಸರಳು ಕಟ್ಟನೆ ತುಂಡಾಗಿ, ಯಾರದೋ ಗಿಟಾರು ಗುಜರಿ ಸೇರಿತ್ತು. ಎರಡನೆಯ ಕಟ್ಟಳೆ ಕಾಗದದ್ದು. ತಗ್ಗಿದ ಮೂಳೆಪಟ್ಟಿಯ ಕೆಳಗೆ ಕಾಗದ ಮಡಚಿಡುವವರನ್ನು ಕಂಡರೆ ಮಾವನಿಗೆ ಮೈ ಉರಿ. “ಕಾಗದ ಇಡೋನು ಪೋಸ್ಟ್‌ಮ್ಯಾನು, ರಿಪೇರಿಯವನಲ್ಲ” ಎನ್ನುತ್ತಿದ್ದರು.

ಗಿರಾಕಿಯ ಎದುರು ವಾದ ಬೇಡವೆಂದು ಸೊಸೆ ತಂತಿ ಸಡಿಲಿಸಿ ಮೂಳೆಪಟ್ಟಿಯನ್ನು ಹೊರಗೆಳೆದಳು. ಅದರ ಕೆಳಗೆ ಎರಡು ಮಡಿಕೆಯ ಹಳದಿ ಬಸ್ ಟಿಕೆಟ್ ಇತ್ತು.

“ಇದನ್ನ ಮುಂಚೆ ಯಾರು ರಿಪೇರಿ ಮಾಡಿದ್ದು?” ಎಂದು ಮೆಲ್ಲಗೆ ಕೇಳಿದಳು.

“ಇನ್ಯಾರು, ನಿಮ್ಮ ಮಾವನೋರೇ. ನಮ್ಮಣ್ಣ ಇಟ್ಕೊಂಡಿದ್ದಾಗ. ಬೇರೆ ಯಾರೂ ಮುಟ್ಟಿಲ್ಲ.”

ಕೇಳಬೇಕಾಗಿರಲಿಲ್ಲ. ಟಿಕೆಟಿನ ನಾಲ್ಕೂ ಮೂಲೆಗಳನ್ನು ದುಂಡಗೆ ಕತ್ತರಿಸಲಾಗಿತ್ತು. ಮಾತ್ರೆಯ ಪಟ್ಟಿಯ ಮೂಲೆಯನ್ನೂ ದುಂಡು ಮಾಡದೆ ಜೇಬಿಗಿಳಿಸದ ಮನುಷ್ಯ ಆ ಮನೆಯಲ್ಲಿ ಮಾವ ಒಬ್ಬರೇ.

ಎತ್ತಿ ತೋರಿಸಿದರೆ ವಾದ ಅಲ್ಲೇ ಮುಗಿಯುತ್ತಿತ್ತು. ಅವಳು ಟಿಕೆಟನ್ನು ಅಂಗೈಯಲ್ಲಿ ಮುಚ್ಚಿಕೊಂಡಳು. ಆಮೇಲೆ ಡ್ರಾಯರಿನಿಂದ ಸರಳು ತಿರುಗಿಸುವ ಅಲೆನ್ ಕೀ ತೆಗೆದಳು.

“ಬೇಡ ಅಂದೆ” ಎಂದರು ಮಾವ.

“ಬಿಗಿ ಮಾಡಿದ್ರೆ ಮುರಿಯತ್ತೆ ಮಾವ. ನಾನು ಸಡಿಲ ಮಾಡ್ತಿದೀನಿ.”

“ಮುರಿದ್ರೆ?”

“ಮುರಿದ್ರೆ ಪಾತ್ರೆಯವರಿಗೆ ಇವತ್ತೇ ಬೀಗದಕೈ ಕೊಡಿ.”

ನರ್ಸ್ ಇಬ್ಬರ ಮುಖವನ್ನೂ ನೋಡಿದಳು. “ನನ್ನ ಗಿಟಾರ್ ಮೇಲೆ ಪಂದ್ಯ ಕಟ್ತಿದೀರಲ್ಲ” ಎಂದಳು.

ಗಿಟಾರಿನ ದುಂಡು ಬಾಯಿಯೊಳಗೆ ಕೀ ತೂರಿಸಿ ಸೊಸೆ ಕಾಲು ಸುತ್ತು ತಿರುಗಿಸಿದಳು. ಒಳಗೆಲ್ಲೋ ಮರ ‘ಕಿರ್’ ಎಂದಿತು. ಮಾವ ಕಣ್ಣು ಮುಚ್ಚಿಕೊಂಡರು. ಅವಳು ಮೂಳೆಪಟ್ಟಿಯನ್ನು ಕಾಗದವಿಲ್ಲದೆ ಕೂರಿಸಿ, ತಂತಿ ಬಿಗಿದು ಶ್ರುತಿ ಮಾಡಿದಳು. ಸಂದು ಇನ್ನೂ ಸಾಲದು. ಇನ್ನೊಂದು ಚೂರು ತಿರುಗಿಸಿ, ಮತ್ತೆ ಶ್ರುತಿ ಮಾಡಿ ಗಿಟಾರನ್ನು ನರ್ಸಿಗೆ ಕೊಟ್ಟಳು. ತಾನೇ ನುಡಿಸಿ ನೋಡಬಹುದಿತ್ತು. ಆದರೆ ಒತ್ತಬೇಕಾದ ಬೆರಳು ಅವಳದಲ್ಲವಲ್ಲ.

ನರ್ಸ್ ಒತ್ತಿದಳು, ಮೀಟಿದಳು. ಪಕ್ಕದ ಅಂಗಡಿಯಲ್ಲಿ ಪಾತ್ರೆಗಳು ಉರುಳಿದ ಸದ್ದು ಅಡಗಲಿ ಎಂದು ಕಾದು ಮತ್ತೆ ಮೀಟಿದಳು. ನೊಣ ಹಾರಿಹೋಗಿತ್ತು.

“ಬೆರಳಿಗೂ ಹಾಯಾಗಿದೆ ಅಕ್ಕ” ಎಂದಳು. ಹೋಗುವ ಮುಂಚೆ ಬಾಗಿಲಲ್ಲಿ ನಿಂತು, “ನಮ್ಮ ವಾರ್ಡಿನ ಡಾಕ್ಟ್ರ ಹತ್ರಾನೂ ಒಂದು ಇದೆ. ಅದು ಇದಕ್ಕಿಂತ ಜೋರಾಗಿ ಗೊರಕೆ ಹೊಡೆಯತ್ತೆ” ಎಂದಳು.

ಅವಳು ರಸ್ತೆ ದಾಟಿದ ಮೇಲೆ ಸೊಸೆ ಟಿಕೆಟನ್ನು ಮಾವನ ತೊಡೆಯ ಮೇಲಿಟ್ಟಳು. ಅವರು ಅದನ್ನು ಬಿಡಿಸಿದರು, ದುಂಡು ಮೂಲೆಗಳನ್ನು ಹೆಬ್ಬೆರಳಿನಿಂದ ಸವರಿದರು.

“ಇದನ್ನ ಇಟ್ಟಾಗ ಆ ಸರಳು ಮುರಿದು ಇನ್ನೂ ಒಂದು ವಾರ ಆಗಿರಲಿಲ್ಲ” ಎಂದರು. “ಕೀ ಹಿಡಿಯೋ ಧೈರ್ಯ ಬರಲಿಲ್ಲ ಕಣಮ್ಮ.”

“ಹಾಗಾದ್ರೆ ನೀವೂ ಪೋಸ್ಟ್‌ಮ್ಯಾನೇ ಅನ್ನಿ.”

ಮಾವ ನಕ್ಕರು. “ಒಂದೇ ಕಾಗದ ಹಂಚಿದ್ದು” ಎಂದು ಎದ್ದು, ಗೋಡೆ ಹಿಡಿದುಕೊಂಡು ಪಕ್ಕದ ಅಂಗಡಿಗೆ ಹೋದರು. ಅಲ್ಲಿ ಏನು ಮಾತಾಯಿತೋ ಸೊಸೆಗೆ ಕೇಳಿಸಲಿಲ್ಲ. ನಡುವೆ ಎರಡು ಸಲ ಅವರ ಕೆಮ್ಮು ಮಾತ್ರ ಕೇಳಿತು.

ಪಾತ್ರೆ ವ್ಯಾಪಾರಿ ಈಗ ಹಿಟ್ಟಿನ ಗಿರಣಿಯ ಹಿಂದೆ ಬೇರೊಂದು ಕೋಣೆ ನೋಡಿಕೊಂಡಿದ್ದಾನೆ. ಡಾಕ್ಟರ ಗಿಟಾರು ಸೋಮವಾರ ಬರುತ್ತದೆ.