ಕಾದು ಬಿದ್ದ ಪೆಟ್ಟು

ನನ್ನ ಲೂಪರ್ ಯಂತ್ರದ ಚೀಲದ ಜಿಪ್ ಎಳೆದರೆ ಇವತ್ತಿಗೂ ಗುಲಾಬಿ ಪೌಡರಿನ ವಾಸನೆ ಬರುತ್ತದೆ. ಮೊನ್ನೆ ಶಹಾಪುರದ ಕಾರ್ಯಕ್ರಮ ಮುಗಿಸಿ ಮನೆಗೆ ಬಂದವಳು ಯಂತ್ರವನ್ನು ಒರೆಸಿಡೋಣ ಅಂತ ಕೂತೆ. ಟಚ್‌ಪ್ಯಾಡಿನ ಅಂಚಿನ ಸಂದಿಯಲ್ಲಿ ಒಂದು ಗೆರೆಯಷ್ಟು ಬಿಳಿ ಪುಡಿ ಕೂತಿತ್ತು. ಬಟ್ಟೆ ಹಿಡಿದು ಹೋದ ಕೈ ಹಿಂದಕ್ಕೆ ಬಂತು. ಅದು ಚಾಚಾ ಅವರ ಅಂಗೈ ಪೌಡರು. ತಬಲಾ ಮುಟ್ಟುವ ಮೊದಲು ಎರಡೂ ಕೈಗೆ ಧಾರಾಳವಾಗಿ ಪೌಡರು ಸುರಿದುಕೊಳ್ಳುವುದು ಅವರ ರೂಢಿ. ಎದುರಿಗೆ ಕೂತವರ ಸೀರೆಯೂ ಬೆಳ್ಳಗಾಗುತ್ತಿತ್ತು.

ಚಾಚಾ ನನಗೆ ಸಂಬಂಧಿಕರೇನಲ್ಲ. ಸುರಪುರದ ಬಜಾರಿನಲ್ಲಿ ಅವರದೊಂದು ಹೊಲಿಗೆ ಅಂಗಡಿ ಇತ್ತು, ಹಿಂದೆಯೇ ಮನೆ. ನಾನು ಯಾದಗಿರಿಯ ಒಂದು ಶಾಲೆಯಲ್ಲಿ ಸಂಗೀತದ ಟೀಚರು. ಸೂಟಿಯ ದಿನ ಗೃಹಪ್ರವೇಶ, ಸೀಮಂತ, ತೊಟ್ಟಿಲು ಅಂತ ಕರೆದವರ ಮನೆಗೆ ಹೋಗಿ ವಚನ, ತತ್ವಪದ ಹಾಡುತ್ತೇನೆ. ಹನ್ನೊಂದು ವರ್ಷ ನನ್ನ ಹಾಡಿಗೆ ಅವರದೇ ತಬಲಾ. ನನಗೆ ಚಿಕ್ಕಂದಿನಿಂದಲೂ ದಮ್ಮು, ಉಸಿರು ಗಿಡ್ಡ. ಆದರೂ ನನ್ನ ತಾಳ ಎಂದೂ ತಪ್ಪುವುದಿಲ್ಲ ಅಂತ ಮಂದಿ ಹೊಗಳುತ್ತಿದ್ದರು, ನಾನೂ ನಂಬಿ ಬೀಗುತ್ತಿದ್ದೆ. ಚಾಚಾ ನುಡಿಸುವಾಗ ನನ್ನ ಮುಖ ನೋಡುತ್ತಿರಲಿಲ್ಲ, ಭುಜದ ಕಡೆ ನೋಡುತ್ತಿದ್ದರು. ಅದು ಯಾಕೆ ಅಂತ ನಾನು ಒಮ್ಮೆಯೂ ಕೇಳಲಿಲ್ಲ...

ಆಮೇಲೆ ಅವರ ಮೊಣಕಾಲು ಹಿಡಿದುಕೊಂಡವು. ತಬಲಾ ಡಗ್ಗಾ ಹೊತ್ತು ಬಸ್ಸು ಹತ್ತುವುದು ಕಷ್ಟವಾಯಿತು. ಕರೆಯುವವರೂ, 'ಪಡಸಾಲಿ ಸಣ್ಣದ ಅದರಿ ಮೇಡಮ್, ಒಬ್ಬರೇ ಬಂದ್ರ ಚಲೋ' ಅನ್ನತೊಡಗಿದರು. ಅದೇ ಹೊತ್ತಿಗೆ ಮೊಬೈಲಿನಲ್ಲಿ ಯಾರೋ ಒಬ್ಬಳು ಪೂರಾ ಮೇಳವನ್ನು ತಾನೇ ನಡೆಸುವುದನ್ನು ನೋಡಿ ನನಗೂ ಹುಚ್ಚು ಹತ್ತಿತು. ಹಾಗೆ ಬಂದದ್ದು ಈ ಲೂಪರು. ಗುಂಡಿ ಒಮ್ಮೆ ಒತ್ತಿದರೆ ಕೇಳಿದ್ದನ್ನು ಹಿಡಿದುಕೊಳ್ಳುತ್ತದೆ. ಇನ್ನೊಮ್ಮೆ ಒತ್ತಿದರೆ ಅಲ್ಲಿಂದ ಅಷ್ಟನ್ನೇ ಸುತ್ತಿ ಸುತ್ತಿ ನುಡಿಸುತ್ತದೆ. ಪಕ್ಕದ ಟಚ್‌ಪ್ಯಾಡಿನ ಮೇಲೆ ಬೆರಳು ಜಾರಿಸಿದರೆ ಅದೇ ದನಿ ದೂರ ಹೋಗುತ್ತದೆ, ಗುಂಯ್‌ಗುಡುತ್ತದೆ, ತೆಳ್ಳಗಾಗುತ್ತದೆ.

ಒಂದು ಭಾನುವಾರ ಅದನ್ನು ಅವರ ಅಂಗಡಿಗೆ ಒಯ್ದೆ. ಚಾಚಾ ತಬಲಾದ ಮೇಲೆ ಎರಡು ಪೆಟ್ಟು ಹಾಕಿ, ಪೌಡರಿನ ಬೆರಳಲ್ಲೇ ಪ್ಯಾಡು ಸವರಿದರು. "ಬಾವ್ಯಾಗ ಕುಂತು ಬಾರಿಸಿದಂಗ ಆಗ್ತದಲ್ಲ ಬೇಟಿ," ಅಂತ ನಕ್ಕು, ಒಳಗಿದ್ದ ಚಾಚಿಯನ್ನು ಕರೆದು ಕೇಳಿಸಿದರು. ಇದು ಯಾತಕ್ಕೆ ಅಂತ ಅವರು ಕೇಳಿದಾಗ ನಾನು ತಲೆ ತಗ್ಗಿಸಿ, "ಮನಿಯಾಗ ರಿಯಾಜ್ ಮಾಡಾಕರಿ ಚಾಚಾ," ಅಂದೆ. ನಿಮ್ಮ ಬದಲು ಇದನ್ನು ಒಯ್ಯುತ್ತೇನೆ ಅನ್ನುವ ಮಾತು ಬಾಯಿಗೆ ಬರಲಿಲ್ಲ.

ಲೂಪರಿನ ಗುಂಡಿ ಇರುವುದೇ ಕಾಲಿನಿಂದ ಒತ್ತಲು. ಕುರ್ಚಿಯ ಮೇಲೆ ಕೂತು ನಾನು ಕಾಲು ಚಾಚಿದ್ದೇ ತಡ ಅವರ ಮುಖ ಗಂಟಿಕ್ಕಿತು.

"ಏನ್ ಬೇಟಿ, ನನ್ನ ತಬಲಾ ತುಳೀತಿ ಏನು?"

"ನೀವು ದಿನಾ ಮಷೀನ್ ತುಳದ ಬಟ್ಟಿ ಹೊಲೀತೀರಲ್ರಿ," ಅಂತ ಛೇಡಿಸಿದೆ.

"ಅದು ಬಟ್ಟಿ. ಇದು ವಿದ್ಯಾ." ಅಷ್ಟು ಹೇಳಿ ಒಂದು ಮಣೆ ತಂದು ಅದರ ಮೇಲೆ ಲೂಪರು ಇಟ್ಟರು. ಅವರ ಎದುರು ನಾನೂ ನೆಲಕ್ಕೆ ಕೂತೆ. ಕಾಲಿನ ಕೆಲಸವನ್ನು ಬಗ್ಗಿ ಕೈಯಿಂದ ಮಾಡುವುದು ಅಂತಾಯಿತು.

ಅವರು ತಾಳದ ಠೇಕಾವನ್ನು ನಾಲ್ಕು ಸುತ್ತು ನುಡಿಸಬೇಕು, ನಾನು ಲಯಕ್ಕಾಗಿ ಮೆಲ್ಲಗೆ ಗುನುಗಬೇಕು. ತಾಳ ಸುತ್ತಿ ಬಂದು ಬೀಳುವ ಮೊದಲ ಪೆಟ್ಟಿಗೆ ಸಮ್ ಅನ್ನುತ್ತೇವೆ. ನಾಲ್ಕನೇ ಸುತ್ತು ಮುಗಿದು ಆ ಸಮ್ ಬೀಳುವಾಗ ಸರಿಯಾಗಿ ನಾನು ಗುಂಡಿ ಒತ್ತಬೇಕು. ಗುನುಗುತ್ತಲೇ ಬಗ್ಗಿದೆನಲ್ಲ, ದಮ್ಮು ಕಟ್ಟಿತು. ಕೈ ಹೋಗುವುದು ಒಂದು ರೆಪ್ಪೆ ಬಡಿಯುವಷ್ಟು ತಡವಾಯಿತು. ಅವರ ಪೆಟ್ಟೂ ಅಷ್ಟೇ ತಡವಾಗಿ, ನನ್ನ ಕೈಯ ಜೊತೆಗೇ ಬಿತ್ತು. "ಸಮ್ ಹಿಂದ ಬಿತ್ತು. ಇನ್ನೊಮ್ಮೆ ಬಾರಿಸ್ತೀನಿ," ಅಂದರು ಚಾಚಾ. ನನಗೆ ಯಾದಗಿರಿ ಬಸ್ಸಿನ ಗಡಿಬಿಡಿ. ರಿಯಾಜಿಗೆ ಇಷ್ಟು ಸಾಕು ಅಂತ ಎದ್ದು ಬಂದುಬಿಟ್ಟೆ.

ಅಲ್ಲಿಂದ ಆ ಲೂಪು ನನ್ನ ಜೊತೆ ಊರೂರು ತಿರುಗಿತು. ನಾಲ್ಕು ಸುತ್ತಿಗೊಮ್ಮೆ ಒಂದು ಚಿಟಿಕೆಯಷ್ಟು ನಿಲ್ಲುತ್ತಿತ್ತು, ನಾನು ಅಲ್ಲೇ ಉಸಿರು ತಗೊಂಡು ಮುಂದಿನ ಸಾಲು ಎತ್ತುತ್ತಿದ್ದೆ. ಒಮ್ಮೆ ಸುರಪುರದಲ್ಲೇ ಒಂದು ಗೃಹಪ್ರವೇಶ. ಹಾಡುತ್ತಾ ಕಣ್ಣು ಬಿಟ್ಟರೆ ಮುಂದಿನ ಸಾಲಿನಲ್ಲಿ ಚಾಚಾ ಕೂತಿದ್ದಾರೆ, ಮನೆಯವರಿಗೆ ಬಟ್ಟೆ ಹೊಲಿದುಕೊಟ್ಟವರು ಅವರೇ. ಅವರ ಕೈಯಿಲ್ಲದೆ ಅವರ ತಬಲಾ ನನ್ನ ಪಕ್ಕದಲ್ಲಿ ನುಡಿಯುತ್ತಿತ್ತು. ನಾಚಿಕೆಯಾಗಿ ಮತ್ತೆ ಕಣ್ಣು ಮುಚ್ಚಿಕೊಂಡೇ ಹಾಡು ಮುಗಿಸಿದೆ.

ಊಟಕ್ಕೆ ಎದ್ದಾಗ ಅವರು ಹತ್ತಿರ ಬಂದರು. ಕರೆಯಲಿಲ್ಲವಲ್ಲ ಅಂತ ಬೈಯುತ್ತಾರೆ ಅಂದುಕೊಂಡೆ. ಆ ಮಾತೇ ಇಲ್ಲ.

"ನಾಲ್ಕು ಸುತ್ತಿಗೊಮ್ಮೆ ನಿಲ್ತದಲ್ಲ, ಆ ಜಾಗಾ ತೆಗಿ ಬೇಟಿ. ನನ್ನ ಕೈ ಗೊತ್ತಿದ್ದ ಮಂದಿ ಈ ಊರಾಗ ಇನ್ನೂ ಅದಾರ. ಮುದಕ ಲಯ ಬಿಟ್ಟಾನ ಅಂತಾರ. ಒಂದ್ ದಿನ ಬಾ, ಬರೋಬರಿ ಬಾರಿಸಿ ಕೊಡ್ತೀನಿ."

ಬರುವ ಭಾನುವಾರ ಬರ್ತೀನಿ ಅಂದೆ. ಆ ಭಾನುವಾರ ಶಾಲೆಯಲ್ಲಿ ಏನೋ ಕೆಲಸ ಬಂತು. ಮುಂದಿನ ಭಾನುವಾರ ನೆಗಡಿ. ನಿಜ ಹೇಳಬೇಕೆಂದರೆ ಅವರೆದುರು ಕೂರಲು ಮುಖವಿರಲಿಲ್ಲ. ಮೂರನೇ ವಾರ ಚಾಚಿಯ ಫೋನು ಬಂತು. ಚಾಚಾಗೆ ಲಕ್ವಾ ಹೊಡೆದಿತ್ತು, ಬಲಗೈ ಪೂರಾ ಬಿದ್ದುಹೋಗಿತ್ತು.

ಇನ್ನು ಬಾರಿಸುವುದೆಲ್ಲಿಂದ ಬಂತು? ನನ್ನ ತಪ್ಪನ್ನು ನಾನೇ ತೊಳೆಯುತ್ತೇನೆ ಅಂತ ಯಾದಗಿರಿಯಲ್ಲಿ ರೆಕಾರ್ಡಿಂಗ್ ಮಾಡುವವನೊಬ್ಬನ ಹತ್ತಿರ ಓಡಿದೆ. ಅವನು ಕಂಪ್ಯೂಟರಿನಲ್ಲಿ ಆ ಚಿಟಿಕೆಯಷ್ಟನ್ನು ಕತ್ತರಿಸಿ, ಎರಡೂ ತುದಿ ಕೂಡಿಸಿ, ಮತ್ತೆ ಲೂಪರಿಗೆ ತುಂಬಿಕೊಟ್ಟ. ಕೇಳಿದರೆ ಗಡಿಯಾರದಷ್ಟು ನೆಟ್ಟಗಿತ್ತು. ಖುಷಿಯಿಂದ ಅವತ್ತೇ ಸುರಪುರಕ್ಕೆ ಹೋದೆ.

ಚಾಚಾ ಹಾಸಿಗೆಯಲ್ಲಿದ್ದರು. ಬಾಯಿ ಒಂದು ಕಡೆ ವಾಲಿತ್ತು, ಮಾತು ತೊದಲುತ್ತಿತ್ತು. "ಸರಿ ಮಾಡಿಸ್ಕೊಂಡ ಬಂದೀನ್ರಿ," ಅಂತ ಹೇಳಿ ಲೂಪು ಹಚ್ಚಿ, ಪಕ್ಕದಲ್ಲಿ ಕೂತು ಹಾಡತೊಡಗಿದೆ. ಅವರ ಎಡಗೈ ಕೌದಿಯ ಮೇಲೆಯೇ ಡಗ್ಗಾ ಬಾರಿಸಿದಂತೆ ತಟ್ಟತೊಡಗಿತು. ಮೂರು ಸುತ್ತು ಚೆಂದ ಹೋಯಿತು. ನಾಲ್ಕನೆಯದರ ಕೊನೆಗೆ ಆ ಕೈ ಗಾಳಿಯಲ್ಲಿ ಒಂದು ಕ್ಷಣ ನಿಂತಿತು. ಅಷ್ಟರಲ್ಲಿ ಯಂತ್ರದ ಪೆಟ್ಟು ಬಿದ್ದಾಗಿತ್ತು. ಮತ್ತೆ ನಾಲ್ಕು ಸುತ್ತು, ಮತ್ತೆ ಹಾಗೆಯೇ. ಚಾಚಾ ಕೈಯನ್ನು ಕೌದಿಯೊಳಗೆ ಎಳೆದುಕೊಂಡರು.

"ಮಷೀನ್ ಬರೋಬರಿ ಅದ ಬೇಟಿ... ಈ ಕೈನೂ ಹೋತು."

ಆಗ ನೋಡಿದೆ. ಅವರ ಕಣ್ಣು ನನ್ನ ಭುಜದ ಮೇಲಿತ್ತು. ಉಸಿರಿಗಾಗಿ ನನ್ನ ಭುಜ ಏಳುವುದನ್ನು ನೋಡಿ ಆ ಕೈ ನನಗಾಗಿ ಕಾದಿತ್ತು, ಹನ್ನೊಂದು ವರ್ಷವೂ ಕಾದಿತ್ತು. ನಾನು ಕತ್ತರಿಸಿ ಬಿಸಾಕಿದ್ದು ಅದನ್ನೇ. ಗಾಬರಿಯಲ್ಲಿ ಹೇಳಿದೆ: "ನಿಮ್ಮ ಕೈ ಸರಿ ಅದರಿ ಚಾಚಾ. ನನ್ನ ದಮ್ಮಿನ ಸಲುವಾಗಿ ನೀವು ಕಾಯ್ತೀರಿ. ಅವತ್ತೂ ತಪ್ಪಿರ್ಲಿಲ್ಲ, ಇವತ್ತೂ ಇಲ್ಲ."

ಅವರು ತಲೆ ಅಲ್ಲಾಡಿಸಿದರು. "ತಬಲಾ ಯಾರಿಗೂ ಕಾಯಂಗಿಲ್ಲ. ಸಮಾಧಾನ ಮಾಡಾಕ ಹೇಳ್ತಿ ನೀ," ಅಂದು ಗೋಡೆಯ ಕಡೆ ಹೊರಳಿದರು. ಎಷ್ಟು ಹೇಳಿದರೂ ನಂಬಲಿಲ್ಲ. ಚಾಚಿ ಚಹಾ ತಂದಿಟ್ಟರು, ಅದು ಅಲ್ಲೇ ಆರಿತು. ಯಾದಗಿರಿಗೆ ಬಂದವಳೇ ಹಳೆಯದನ್ನು ವಾಪಸು ಹಾಕಿಕೊಡಲು ಕೇಳಿದರೆ, ರೆಕಾರ್ಡಿಂಗಿನವನು, "ಅಳಿಸಿಬಿಟ್ಟೀನ್ರಿ ಮೇಡಮ್. ತಪ್ಪಿದ್ದನ್ನ ಯಾಕ ಇಟ್ಕೋತೀರಿ?" ಅಂದ. ಅವನದೇನು ತಪ್ಪು? ಎರಡು ತಿಂಗಳಿಗೆ ಚಾಚಾ ಹೋದರು. ತನ್ನ ಕೈ ಕೆಟ್ಟಿತು ಅಂದುಕೊಂಡೇ ಹೋದರು...

ಮೊನ್ನೆ ಶಹಾಪುರದ ತೊಟ್ಟಿಲು ಕಾರ್ಯಕ್ರಮದಲ್ಲಿ ಯಥಾಪ್ರಕಾರ ಲೂಪರನ್ನು ಮಣೆಯ ಮೇಲಿಟ್ಟು ಕೈಯಿಂದಲೇ ಒತ್ತಿದೆ. ನಾಲ್ಕು ಸುತ್ತಾಗುತ್ತಲೂ ಭುಜ ತಾನಾಗಿ ಎದ್ದಿತು. ಪೆಟ್ಟು ಆಗಲೇ ಬಿದ್ದಿತ್ತು, ನಾನು ಹಿಂದೆ ಉಳಿದೆ. ಪ್ರತಿ ಸಲವೂ ಉಳಿದೆ. ಹಾಡು ಮುಗಿದ ಮೇಲೆ, ತಾಳ ತಿಳಿದ ಹಿರಿಯರೊಬ್ಬರು ಹತ್ತಿರ ಬಂದು ಅದು ಯಾರ ತಬಲಾ ಅಂತ ಕೇಳಿದರು. ಸುರಪುರದ ಒಬ್ಬ ಟೇಲರದು ಅಂದೆ.

"ಕೈ ಪಕ್ಕಾ ಅದರಿ ಅವರದು, ಒಂದ್ ಕೂದಲಷ್ಟೂ ಆಚಿ ಈಚಿ ಇಲ್ಲ. ನೀವ ನಡನಡುವ ತಪ್ಪತೀರಿ ನೋಡ್ರಿ."

"ಹೌದ್ರಿ," ಅಂದೆ. ಚಾಚಾಗೆ ಬೇಕಾಗಿದ್ದ ಮಾತು ಅದೇ ಆಗಿತ್ತು. ಮನೆಗೆ ಬಂದು ಒರೆಸಲು ಕೂತವಳು ಬಟ್ಟೆಯನ್ನು ಪಕ್ಕಕ್ಕಿಟ್ಟು, ಪೌಡರನ್ನು ಸಂದಿಯಲ್ಲೇ ಬಿಟ್ಟು, ಚೀಲದ ಜಿಪ್ ಎಳೆದೆ.