ದೊಡ್ಡ ಸಿಸ್ಟರ್ ಬರೆದ ಸುಳ್ಳು ಅಂಕೆ

ಮೊನ್ನೆ ಮಗಳ ಮೊಣಕಾಲಿನ ಗಾಯಕ್ಕೆಂದು ಬಿಳಿ ಪ್ಲಾಸ್ಟರ್ ಹರಿದೆ. ಆ ಅಂಟಿನ ವಾಸನೆ ಮೂಗಿಗೆ ಬಡಿದದ್ದೇ ತಡ, ಕೈ ನಿಂತುಬಿಟ್ಟಿತು. ‘ಎಂತಾಯ್ತು ಅಮ್ಮ?’ ಎಂದಳು. ಅವಳಿಗೆ ಎಂತ ಹೇಳುವುದು...

ಮಡಂತ್ಯಾರಿನ ಹತ್ತಿರದ ಒಂದು ಸಣ್ಣ ಆಸ್ಪತ್ರೆಯಲ್ಲಿ ಆಗ ನಾನು ಹೊಸ ನರ್ಸ್. ಅಲ್ಲಿಯ ಹಿರಿಯ ನರ್ಸ್ ನಮ್ಮೆಲ್ಲರಿಗೂ ದೊಡ್ಡ ಸಿಸ್ಟರ್. ಅಪಘಾತದವರನ್ನು ತಂದರೆ ಮೊದಲು ಅವರೇ ನೋಡುತ್ತಿದ್ದರು. ಕರೆದರೆ ಕಣ್ಣು ತೆರೆಯುತ್ತಾನೋ, ಮಾತಾಡುತ್ತಾನೋ, ಉಗುರಿನ ಮೇಲೆ ಪೆನ್ನು ಒತ್ತಿದರೆ ಕೈ ಎಳೆದುಕೊಳ್ಳುತ್ತಾನೋ ಎಂದು ನೋಡಿ ಅಂಕ ಕೂಡಿಸುತ್ತಿದ್ದರು. ಪೂರ್ತಿ ನೆಟ್ಟಗಿದ್ದವನಿಗೆ ಹದಿನೈದು, ಏನೂ ಇಲ್ಲದವನಿಗೆ ಮೂರು. ಅದನ್ನು ಪ್ಲಾಸ್ಟರ್ ತುಂಡಿನ ಮೇಲೆ ಬರೆದು ಎದೆಗೆ ಅಂಟಿಸುತ್ತಿದ್ದರು. ನಮ್ಮಲ್ಲಿದ್ದದ್ದು ಒಂದೇ ಆಂಬುಲೆನ್ಸ್, ಅದರಲ್ಲಿ ಮಲಗಿಸಲು ಒಬ್ಬರಿಗೇ ಜಾಗ. ಮಂಗಳೂರಿನ ದೊಡ್ಡ ಆಸ್ಪತ್ರೆಗೆ ಯಾರು ಮೊದಲು ಹೋಗಬೇಕೆಂದು ಆ ಅಂಕೆಯೇ ಹೇಳುತ್ತಿತ್ತು. ಅಂಕೆ ಕಡಿಮೆ ಇದ್ದವನು ಮೊದಲು, ಆದರೆ ಮೂರಕ್ಕೆ ಇಳಿದವನು ಕೊನೆಗೆ.

‘ಬೊಬ್ಬೆ ಹಾಕುವವನಿಗೆ ಜೀವ ಉಂಟು ಮಾರಾಯ್ತಿ, ಸುಮ್ಮನೆ ಬಿದ್ದವನನ್ನು ನೋಡು’ ಎನ್ನುತ್ತಿದ್ದರು. ನನ್ನನ್ನು ಬೈದಷ್ಟು ಬೇರೆ ಯಾರನ್ನೂ ಬೈದವರಲ್ಲ. ಮಧ್ಯಾಹ್ನ ತಮ್ಮ ಬುತ್ತಿಯ ಮೀನನ್ನು ನನ್ನ ತಟ್ಟೆಗೆ ಹಾಕುತ್ತಿದ್ದವರೂ ಅವರೇ.

ಒಂದು ದಿನ ಬೆಳಿಗ್ಗೆ ಬೈಕೂ ಸ್ಕೂಟರೂ ಡಿಕ್ಕಿಯಾಗಿ ಇಬ್ಬರನ್ನು ತಂದರು. ಸ್ಕೂಟರಿನವರು ಊರಿನ ಟೈಲರ್. ಬೈಕಿನವನು ನನ್ನ ತಮ್ಮ.

ಡಾಕ್ಟರು ಹೆರಿಗೆ ಕೋಣೆಯಲ್ಲಿದ್ದರು. ಟೈಲರ್‌ಗೆ ಏಳು ಬಂತು. ತಮ್ಮನ ಕಣ್ಣಿಗೆ ದೊಡ್ಡ ಸಿಸ್ಟರ್ ಟಾರ್ಚ್ ಬಿಟ್ಟರು. ಎರಡು ಕಣ್ಣಿನ ಪಾಪೆಗಳೂ ಬೆಳಕಿಗೆ ಅಲುಗಲಿಲ್ಲ. ಮೂರು. ಅದರ ಅರ್ಥ ನನಗೂ ಗೊತ್ತಿತ್ತು. ಬದುಕುವ ದಾರಿ ಇದ್ದವರನ್ನೇ ಮೊದಲು ಕಳಿಸಬೇಕು, ಅಂದರೆ ಟೈಲರನ್ನು. ನಾನು ದೊಡ್ಡ ಸಿಸ್ಟರ್‌ನ ಕಾಲು ಹಿಡಿದೆ. ನಾಚಿಕೆಬಿಟ್ಟು, ನೆಲದ ಮೇಲೆ ಕೂತು ಹಿಡಿದೆ.

‘ಆರು ಅಂತ ಬರೀರಿ ಸಿಸ್ಟರ್. ನಿಮ್ಮ ದಮ್ಮಯ್ಯ.’

‘ಅವನು ಹೋಗಿ ಆಯ್ತು ಮಗಾ...’ ಎಂದರು. ಆದರೆ ಬರೆದರು. ಅಷ್ಟು ವರ್ಷಗಳಲ್ಲಿ ಅವರು ಬರೆದ ಒಂದೇ ಸುಳ್ಳು ಅದು.

ಆಂಬುಲೆನ್ಸ್ ದಾರಿಯಲ್ಲಿ ಫರಂಗಿಪೇಟೆ ದಾಟುವ ಮೊದಲೇ ತಮ್ಮ ತೀರಿಕೊಂಡ. ಟೈಲರ್‌ಗೆಂದು ಬಂಟ್ವಾಳದಿಂದ ಇನ್ನೊಂದು ಗಾಡಿ ಬರುವಾಗ ಒಂದು ಗಂಟೆಯ ಮೇಲಾಗಿತ್ತು. ಟೈಲರ್ ಮಂಗಳೂರಿನವರೆಗೆ ಉಸಿರು ಹಿಡಿದಿದ್ದರು. ‘ಸ್ವಲ್ಪ ಮೊದಲು ತಂದಿದ್ದರೆ ನೋಡಬಹುದಿತ್ತು’ ಎಂದರಂತೆ ಅಲ್ಲಿಯ ಡಾಕ್ಟರು. ಹೋಗುವವನನ್ನು ಹಿಡಿಯಲು ಹೋಗಿ ಇರುವವರನ್ನೂ ಕಳೆದೆ.

ದೊಡ್ಡ ಸಿಸ್ಟರ್ ನನ್ನನ್ನು ಒಂದು ಮಾತೂ ಬೈಯಲಿಲ್ಲ. ಅಷ್ಟು ಬೈಯುತ್ತಿದ್ದವರು! ಬೈದಿದ್ದರೆ ನನಗೆ ಸಮಾಧಾನವಾಗುತ್ತಿತ್ತೇನೋ. ಆ ತಿಂಗಳೇ ಕೆಲಸ ಬಿಟ್ಟು ಮೂಡುಬಿದಿರೆಯ ಅಕ್ಕನ ಮನೆಗೆ ಹೋದರು. ನಾನು ಒಮ್ಮೆಯೂ ಹೋಗಿ ನೋಡಲಿಲ್ಲ. ಮುಖ ಎಲ್ಲಿತ್ತು ನನಗೆ?

ಕಳೆದ ವಾರ ಅವರು ತೀರಿಕೊಂಡ ಸುದ್ದಿ ಬಂತು. ಹೋದೆ. ಅಂಗಳದಲ್ಲಿ ಟೈಲರ್‌ನ ಹೆಂಡತಿ ನಿಂತಿದ್ದರು. ಬಸ್ಸು ಬದಲಿಸಿ ಅಷ್ಟು ದೂರ ಬಂದಿದ್ದರು, ತಲೆಕೂದಲೆಲ್ಲ ಬೆಳ್ಳಗಾಗಿತ್ತು. ನನ್ನ ಎರಡೂ ಕೈ ಹಿಡಿದುಕೊಂಡರು.

‘ನಮ್ಮವರನ್ನು ಉಳಿಸಲಿಕ್ಕೆ ನೀವಿಬ್ಬರೂ ಎಷ್ಟು ಕಷ್ಟಪಟ್ಟಿರಿ ಸಿಸ್ಟರ್. ಅದನ್ನು ನಾನು ಮರೆಯುವುದುಂಟಾ?’

ನಾನು ಹೌದೆಂದು ತಲೆಯಾಡಿಸಿದೆ.